ಮನೆಗೆ ಸ್ಟೀಲ್ ಪಾತ್ರೆ ಕೊಳ್ಳುವ ಮೊದಲು ಭಂಗಾರದವನನ್ನು ಕೇಳಿ

ಹೋದ ವರ್ಷ ಮಳೆಗಾಲಕ್ಕೆ ಮೊದಲು ಮುಂಬ್ರಾ ಸ್ಟೇಶನ್ ಹತ್ತಿರದ ನಮ್ಮ ಹೊಟೇಲಿನ ಅಡುಗೆಕೋಣೆಗೆ ಹೊಸ ಟೈಲ್ಸ್ ಹಾಕಿಸಿದೆವು. ಆಗ ಹಳೆಯ ಟೋಪು, ಡಬ್ಬ, ತಟ್ಟೆಗಳನ್ನೆಲ್ಲ ಹೊರಗೆ ತೆಗೆದೆವು. ಇದೇ ಸಂದರ್ಭವೆಂದು ಮನೆಯವಳೂ ಲಾಫ್ಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಎರಡು ಗೋಣಿ ಪಾತ್ರೆ ಕಳುಹಿಸಿದಳು. ಶೀಳ್ ಫಾಟಾ ಕಡೆಯ ಭಂಗಾರದವನು ಟೆಂಪೋ ತಂದ. ನಾವು ಎಲ್ಲವನ್ನೂ ಒಟ್ಟಿಗೆ ತೂಗುತ್ತಾನೆಂದು ತಿಳಿದಿದ್ದೆವು. ಅವನು ತೂಗಲಿಲ್ಲ. ಕಿಸೆಯಿಂದ ಒಂದು ಸಣ್ಣ ಬಾಟಲಿ ತೆಗೆದು ಪ್ರತಿ ಪಾತ್ರೆಯ ಮೇಲೆ ಒಂದೊಂದು ಹನಿ ಬಿಟ್ಟು, ಅದಕ್ಕೆ ಪುಟ್ಟ ಬ್ಯಾಟರಿ ತಾಗಿಸುತ್ತಾ ಹೋದ. ಕೆಲವು ಪಾತ್ರೆಗಳ ಮೇಲೆ ಹನಿ ಕೆಲವೇ ಸೆಕೆಂಡಿನಲ್ಲಿ ಕೆಂಪಾಯಿತು, ಕೆಲವುಗಳ ಮೇಲೆ ಆಗಲಿಲ್ಲ. ಕೆಂಪಾದದ್ದು ಒಂದು ರಾಶಿ, ಆಗದ್ದು ಇನ್ನೊಂದು ರಾಶಿ. ಕೆಂಪು ರಾಶಿಗೆ ಅವನು ಹೇಳಿದ ದರ ಇನ್ನೊಂದರ ಅರ್ಧವೂ ಇರಲಿಲ್ಲ.

ನಮಗೆ ಬೇಸರವಾದದ್ದು ದರ ಕೇಳಿ ಅಲ್ಲ. 'ಪ್ಯೂರ್ ತ್ರೀ ನಾಟ್ ಫೋರ್' ಎಂದು ಹೇಳಿ ನಮಗೆ ಮಾರಿದ್ದ ಆರು ಟೋಪುಗಳು, ಮನೆಯ ಹೆಚ್ಚುಕಡಿಮೆ ಎಲ್ಲ ಪಾತ್ರೆಗಳು ಆ ಕೆಂಪು ರಾಶಿಯಲ್ಲೇ ಇದ್ದವು. "ಅಣ್ಣಾ, ಮೂವತ್ತು ವರ್ಷದಿಂದ ಹೊಟೇಲು ನಡೆಸುತ್ತೀರಿ, ಇದು ಗೊತ್ತಿಲ್ಲವಾ?" ಎಂದು ಅವನು ಹಿಂದಿಯಲ್ಲಿ ಕೇಳಿದ. ನಿಜವಾಗಿಯೂ ಗೊತ್ತಿರಲಿಲ್ಲ. ಆಮೇಲೆ ನಾಲ್ಕು ಕಡೆ ವಿಚಾರಿಸಿ ತಿಳಿದುಕೊಂಡದ್ದನ್ನು ನಮ್ಮ ಹೊಟೇಲು ಬಂಧುಗಳಿಗೂ ಹೇಳೋಣವೆಂದು ಇದನ್ನು ಬರೆಯುತ್ತಿದ್ದೇವೆ. ಹೊಟೇಲಿನ ದೊಡ್ಡ ಟೋಪುಗಳ ವಿಷಯ ನಿಮಗೆ ನಾವು ಹೇಳಬೇಕಾಗಿಲ್ಲ. ಇಲ್ಲಿ ಹೇಳುವುದು ನಮ್ಮ ನಮ್ಮ ಮನೆಯ ಒಲೆಯ ಮೇಲೆ ದಿನಾ ಕೂರುವ ಹಾಲಿನ, ಚಹಾದ, ಸಾಂಬಾರಿನ ಹಿಡಿಕೆ ಪಾತ್ರೆಯ ವಿಷಯ. ಅಂಗಡಿಯವರು ಸಾಸ್‌ಪ್ಯಾನ್ ಅನ್ನುತ್ತಾರಲ್ಲ, ಅದು.

ಸ್ಟೀಲು ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಂನಿಂದ. 304 ಅಂದರೆ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್. ಕೆಲವು ಪಾತ್ರೆಗಳ ತಳದಲ್ಲಿ 18/8 ಎಂದು ಒತ್ತಿರುವುದು ಇದನ್ನೇ. ಇದರಲ್ಲಿ ದುಬಾರಿ ಎಂದರೆ ನಿಕ್ಕಲ್. 2007ರ ಮೇ ತಿಂಗಳಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಅದು ಟನ್ನಿಗೆ 50 ಸಾವಿರ ಡಾಲರ್ ದಾಟಿತ್ತು. ಆದ್ದರಿಂದ ನಿಕ್ಕಲ್ ಕಡಿಮೆ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ಸೇರಿಸಿದ ಸ್ಟೀಲೂ ಇದೆ. ಅದು 200ರ ಸಾಲಿನದು: 201, 202 ಇತ್ಯಾದಿ. ಭಂಗಾರದವನ ಹನಿ ಕೆಂಪಾಗುವುದು ಈ ಮ್ಯಾಂಗನೀಸ್ ಕಂಡು. ಇದು ಕಳ್ಳ ಮಾಲು ಅಲ್ಲ, ನಮ್ಮ ದೇಶದಲ್ಲಿ ಪಾತ್ರೆಗೆ ಬಹಳ ಬಳಕೆಯಲ್ಲಿದೆ. ಲೋಟ, ತಟ್ಟೆ, ಅಕ್ಕಿ ಡಬ್ಬಕ್ಕೆ ಧಾರಾಳ ಸಾಕು. ಆದರೆ 304ರ ಹೆಸರು ಹೇಳಿ, 304ರ ಹಣ ತೆಗೆದುಕೊಂಡು ಇದನ್ನು ಕೊಟ್ಟರೆ ಅದು ಮೋಸ.

ನಾವು ಬುದ್ಧಿವಂತರೆಂದು ತಿಳಿದು ಪೇಟೆಗೆ ಹೋಗುವಾಗ ಕಿಸೆಯಲ್ಲಿ ಆಯಸ್ಕಾಂತ ಇಟ್ಟುಕೊಂಡು ಹೋಗುತ್ತಿದ್ದೆವು. ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂದು ಲೆಕ್ಕ. ಇದರಿಂದ ಏನೂ ಪ್ರಯೋಜನವಿಲ್ಲ. 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ. ತಿರುಗಿ, ಇಂಡಕ್ಷನ್ ಒಲೆಗೆಂದು ಮಾಡಿದ ಒಳ್ಳೆಯ ಪಾತ್ರೆಯ ತಳಕ್ಕೆ ಆಯಸ್ಕಾಂತ ಅಂಟಲೇಬೇಕು, ಇಲ್ಲದಿದ್ದರೆ ಆ ಒಲೆಯಲ್ಲಿ ಅದು ಬಿಸಿಯೇ ಆಗುವುದಿಲ್ಲ.

ಈ 200, 304ರ ವ್ಯತ್ಯಾಸ ನಮ್ಮ ಕಡೆಯವರಿಗೆ ಬೇಗ ಗೊತ್ತಾಗುತ್ತದೆ. ಮುಂಬ್ರಾ ಖಾಡಿಯ ಬದಿಯ ಊರು. ನಮ್ಮ ಬಿಲ್ಡಿಂಗಿನ ಬೋರಿನ ನೀರು ಬಾಯಿಗೆ ಹಾಕಿದರೆ ಉಪ್ಪು. ನಲ್ಲಿ ನೀರು ಬಾರದ ದಿನ ಪಾತ್ರೆ ತೊಳೆಯುವುದು ಅದರಲ್ಲೇ. ಸ್ಟೀಲಿಗೆ ಉಪ್ಪೇ ಶತ್ರು. ಮೇಲೆ ಕಾಣುವ ತುಕ್ಕು ಅಲ್ಲ, ಸೂಜಿ ಚುಚ್ಚಿದ ಹಾಗೆ ಕಪ್ಪು ಚುಕ್ಕಿ ಬಿದ್ದು ಅಲ್ಲಿಂದ ಒಳಗೆ ಇಳಿಯುತ್ತದೆ. ತಣ್ಣೀರಿಗೆ ಉಪ್ಪು ಹಾಕಿದರೆ ಹರಳು ತಳದಲ್ಲಿ ಕುಳಿತು ಇದೇ ಕೆಲಸ ಮಾಡುತ್ತದೆ. ಆದ್ದರಿಂದ ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಬೇಕು. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ರಾತ್ರಿಯಿಡೀ ನೆನೆ ಹಾಕಬಾರದು. ಹುಳಿ ಸಾರು ಉಳಿದರೆ ಬೇರೆ ಪಾತ್ರೆಗೆ ತೆಗೆದಿಡಬೇಕು. 304 ಆದರೂ ಈ ಜಾಗ್ರತೆ ಬೇಕು. 200ರ ಸಾಲಿನದಾದರೆ ಇನ್ನೂ ಬೇಗ ಹೋಗುತ್ತದೆ.

ಈಗ ತಳದ ವಿಷಯ. ಹಾಲು ತಳ ಹಿಡಿಯುತ್ತದೆ ಎಂದು ಮನೆಯವಳು ಹೇಳಿದಾಗಲೆಲ್ಲ ನಾವು "ಉರಿ ಸಣ್ಣ ಮಾಡು" ಎನ್ನುತ್ತಿದ್ದೆವು. ತಪ್ಪು ಉರಿಯದ್ದಲ್ಲ. ಸ್ಟೀಲು ಬಿಸಿಯನ್ನು ಹರಡುವುದರಲ್ಲಿ ತೀರಾ ಮಂದ. ಅಲ್ಯುಮಿನಿಯಮ್ಮಿಗೆ ಹೋಲಿಸಿದರೆ ಹದಿನೈದನೇ ಒಂದು ಪಾಲು ಅಷ್ಟೇ. ಬರ್ನರಿನ ಉಂಗುರ ತಾಗಿದಲ್ಲಿ ಕಾದು ಕೆಂಡ, ಪಕ್ಕದಲ್ಲಿ ತಣ್ಣಗೆ. ಪಾತ್ರೆ ತೆಳುವಾದಷ್ಟೂ ಇದು ಹೆಚ್ಚು. ಹಾಗಾಗಿ ಒಲೆಯ ಮೇಲಿಡುವ ಪಾತ್ರೆಗೆ ಎರಡೇ ದಾರಿ. ಒಂದು, ತಳಕ್ಕೆ ಮಾತ್ರ ಅಲ್ಯುಮಿನಿಯಂ ಬಿಲ್ಲೆ ಸೇರಿಸಿದ ಸ್ಯಾಂಡ್‌ವಿಚ್ ತಳ. ಇನ್ನೊಂದು, ತಳದಿಂದ ಅಂಚಿನವರೆಗೂ ಸ್ಟೀಲು, ಅಲ್ಯುಮಿನಿಯಂ, ಸ್ಟೀಲು ಎಂದು ಮೂರು ಪದರ ಇರುವ ಟ್ರೈಪ್ಲೈ. ಬರೇ ಹಾಲು, ಚಹಾಕ್ಕೆ ಮೊದಲನೆಯದು ಸಾಕು, ಆದರೆ ಬರ್ನರಿನ ಉರಿ ಬಿಲ್ಲೆಗಿಂತ ಅಗಲವಾಗಬಾರದು, ಆದರೆ ಪಕ್ಕದ ಗೋಡೆ ಕರಕಲು. ಬಿಲ್ಲೆಯ ಅಂಚು ಬಿಟ್ಟುಕೊಂಡು ಒಳಗೆ ನೀರು ಹೋಗುವ ಹಾಗಾದರೆ ಆ ಪಾತ್ರೆಯನ್ನು ಮತ್ತೆ ಒಲೆಗೆ ಏರಿಸಬೇಡಿ. ಪಾಯಸ, ಹಾಲುಬಾಯಿ ಕಾಯಿಸುವ ಮನೆಗೆ ಟ್ರೈಪ್ಲೈ ಒಳ್ಳೆಯದು, ಹಣ ಜಾಸ್ತಿ ಆಗುತ್ತದೆ. ತಳಕ್ಕೆ ತಾಮ್ರದ ಬಣ್ಣ ಬರುವಷ್ಟು ತೆಳು ಲೇಪ ಮಾಡಿದ್ದು ನೋಡಲು ಚೆಂದ, ತಳ ಹಿಡಿಯುವುದು ತಪ್ಪುವುದಿಲ್ಲ.

ಗೇಜ್ ಲೆಕ್ಕ ಹೊಟೇಲಿನವರಾದ ನಮಗೆ ಗೊತ್ತು, ಮನೆಯವರಿಗೆ ಗೊತ್ತಿರುವುದಿಲ್ಲ. ನಂಬರು ಹೆಚ್ಚಾದಷ್ಟೂ ತಗಡು ತೆಳು. 24 ಗೇಜ್ ಅಂದರೆ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು, 18 ಗೇಜ್ ಅಂದರೆ 1.2 ಮಿಲಿಮೀಟರು. ಹೊಟೇಲಿಗೆ 16, 18 ಎಂದು ಹಟ ಹಿಡಿದು ತರುವ ನಾವು ಮನೆಯಲ್ಲಿ ಯಾವುದರಲ್ಲಿ ಕಾಯಿಸುತ್ತೇವೆ? ಮದುವೆ, ಗೃಹಪ್ರವೇಶಕ್ಕೆ ಬಂದ ಉಡುಗೊರೆಯಲ್ಲಿ. ಹೊರಗೆ ಮಿಷನ್ನಿನಲ್ಲಿ ಕೊರೆಸಿದ ಹೆಸರು, ತಾರೀಕು, ಒಳಗೆ ಬೆರಳು ಒತ್ತಿದರೆ ತಗ್ಗುವ ತಗಡು. ಕೊಡುವವರು ನಾವೂ ಅಂಥದ್ದನ್ನೇ ಕೊಟ್ಟಿದ್ದೇವೆ, ಸುಳ್ಳು ಹೇಳುವುದಿಲ್ಲ.

ಅಂಥದ್ದೇ ಒಂದು ಪಾತ್ರೆಯಿಂದ ಆದದ್ದನ್ನು ಹೇಳಬೇಕು. ಮೂರು ವರ್ಷದ ಹಿಂದೆ ಚೌತಿಯ ದಿನ ಮನೆಗೆ ಜನ ಬರುವವರಿದ್ದರು. ಸಹಾಯಕ್ಕೆ ಹೊಟೇಲಿನಿಂದ ಕುಂದಾಪುರ ಕಡೆಯ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿದ್ದೆವು. ಹತ್ತೊಂಬತ್ತು ವರ್ಷ, ಚುರುಕು ಹುಡುಗ. ಮೂರು ಲೀಟರಿನ ಹಿಡಿಕೆ ಪಾತ್ರೆ ತುಂಬ ಚಹಾ ಕುದಿಸಿ ಒಲೆಯಿಂದ ಎತ್ತಿದ. ಹಿಡಿಕೆ ಅವನ ಕೈಯಲ್ಲೇ ಉಳಿಯಿತು, ಪಾತ್ರೆ ಕೆಳಗೆ ಬಿತ್ತು. ತೊಡೆಯಿಂದ ಪಾದದವರೆಗೆ ಬೊಕ್ಕೆ ಎದ್ದಿತು. ಇಪ್ಪತ್ತೆರಡು ದಿನ ಅವನು ಮಲಗಿದ. ಔಷಧಿಯ ಖರ್ಚು, ಸಂಬಳ ನಾವು ಕೊಟ್ಟೆವು, ಅದು ದೊಡ್ಡ ಮಾತಲ್ಲ. ಊರಿನಿಂದ ಅವನ ತಾಯಿ ಫೋನು ಮಾಡಿ "ಧನಿ, ಮಗ ನಡೆಯುತ್ತಾನಾ?" ಎಂದು ಕೇಳಿದಾಗ ನಮಗೆ ಸರಿಯಾಗಿ ಉತ್ತರ ಬರಲಿಲ್ಲ. ಪಾತ್ರೆಯನ್ನು ತಿರುಗಿಸಿ ನೋಡಿದರೆ ಹಿಡಿಕೆಯನ್ನು ಹಿಡಿದಿದ್ದದ್ದು ಎರಡು ಚುಕ್ಕಿ ವೆಲ್ಡಿಂಗ್ ಅಷ್ಟೇ, ಒಂದು ಯಾವಾಗಲೋ ಬಿಟ್ಟುಕೊಂಡಿತ್ತು. ಅದು ಅಲ್ಲಾಡುತ್ತಿದೆ ಎಂದು ಮನೆಯವಳು ಮೊದಲೇ ಒಮ್ಮೆ ಹೇಳಿದ್ದಳು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

ಆದ್ದರಿಂದ ನಾವೀಗ ಮೊದಲು ನೋಡುವುದು ಹಿಡಿಕೆ, ಆಮೇಲೆ ತಳ, ಆಮೇಲೆ ಸ್ಟೀಲಿನ ನಂಬರು. ಹಿಡಿಕೆಗೆ ಗಟ್ಟಿ ರಿವೆಟ್ ಇರಬೇಕು. ಅಂಗಡಿಯಲ್ಲೇ ಪಾತ್ರೆಗೆ ನೀರು ತುಂಬಿಸಿ ಒಂದೇ ಕೈಯಲ್ಲಿ ಎತ್ತಿ ನೋಡುತ್ತೇವೆ. ಕೆಲವರು ನಗುತ್ತಾರೆ, ನಗಲಿ. ಎರಡು ಲೀಟರಿಗಿಂತ ದೊಡ್ಡದಾದರೆ ಎದುರು ಬದಿಗೆ ಇನ್ನೊಂದು ಕಿವಿ ಇರುವುದನ್ನೇ ಕೇಳುತ್ತೇವೆ. ಬಿಲ್ಲಿನಲ್ಲಿ 'ಎಸ್.ಎಸ್. 304' ಎಂದು ಬರೆಯಿರಿ ಎಂದು ಹೇಳಿದ ಕೂಡಲೇ ಕೆಲವು ಅಂಗಡಿಯವರ ಮಾತು ಬದಲಾಗುತ್ತದೆ. ಅಲ್ಲಿಂದ ನಾವು ಹೊರಟುಬಿಡುತ್ತೇವೆ. ಸ್ಟೀಲ್ ಪಾತ್ರೆಗೆ ಐಎಸ್ 14756 ಎಂಬ ಸರಕಾರಿ ಮಾನದಂಡವಿದೆ, ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿತು. ಗುರುತು ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಕಳೆದ ತಿಂಗಳು ಡೊಂಬಿವಿಲಿಯಲ್ಲಿ ಭಾವನ ಗೃಹಪ್ರವೇಶ. ಪ್ರತಿ ಸಲದ ಹನ್ನೆರಡು ತುಂಡಿನ ಸೆಟ್ಟಿನ ಬದಲು ಅದೇ ಹಣಕ್ಕೆ ರಿವೆಟ್ ಹಿಡಿಕೆಯ ಒಂದೇ ಒಂದು ಟ್ರೈಪ್ಲೈ ಪಾತ್ರೆ ತಂದೆವು. ಕಟ್ಟು ಇಷ್ಟು ಸಣ್ಣದಾದರೆ ನೋಡಿದವರು ಏನು ಹೇಳಿಯಾರು ಎಂದು ಮನೆಯವಳು ರೈಲಿನಲ್ಲಿ ಡೊಂಬಿವಿಲಿ ಬರುವವರೆಗೂ ಹೇಳುತ್ತಲೇ ಇದ್ದಳು. ಹೆಸರು ಕೊರೆಸಿರಲಿಲ್ಲ.