ಮೈಕಟ್ಟು, ಬೊಜ್ಜು ಮತ್ತು ವಂಶದ ಗುಣ

ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡು ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬ ಕಡ್ಡಿಯಂತೆ ಇರುತ್ತಾನೆ, ಇನ್ನೊಬ್ಬ ದಪ್ಪಗಾಗುತ್ತಾನೆ. ದಪ್ಪಗಾದವನನ್ನು ‘ಹೊಟ್ಟೆಬಾಕ’ ಎಂದು ಹೀಯಾಳಿಸುವವರಿದ್ದಾರೆ. ‘ನಮ್ಮ ವಂಶವೇ ಹೀಗೆ, ಏನು ಮಾಡಿದರೂ ಅಷ್ಟೆ’ ಎಂದು ಕೈಚೆಲ್ಲುವವರೂ ಇದ್ದಾರೆ. ಈ ಎರಡು ಮಾತೂ ಸರಿಯಲ್ಲ.

ದನಗಳಿಂದ ಕಲಿತದ್ದು

ತಳಿಯ ಗುಣ ಎಂಬುದು ರೈತರಿಗೆ ಹೊಸ ವಿಷಯವಲ್ಲ. ಬೆಲ್ಜಿಯಂ ದೇಶದಲ್ಲಿ ಮಾಂಸಕ್ಕಾಗಿ ಸಾಕುವ ‘ಬೆಲ್ಜಿಯನ್ ಬ್ಲೂ’ ಎಂಬ ದನದ ತಳಿಯಿದೆ. ಅದರ ತೊಡೆ, ಭುಜಗಳು ಉಬ್ಬಿಕೊಂಡಿರುತ್ತವೆ; ಕೊಬ್ಬು ಬಹಳ ಕಡಿಮೆ. ಇದರ ಕಾರಣ 1997ರಲ್ಲಿ ತಿಳಿಯಿತು. ದೇಹದಲ್ಲಿ ಮಯೋಸ್ಟ್ಯಾಟಿನ್ ಎಂಬ ವಸ್ತು ಸ್ನಾಯುಗಳು ಮಿತಿಮೀರಿ ಬೆಳೆಯದಂತೆ ಕಡಿವಾಣ ಹಾಕುತ್ತದೆ. ಅದನ್ನು ತಯಾರಿಸುವ ವಂಶವಾಹಿ, ಅಂದರೆ ಜೀನ್, ಈ ತಳಿಯಲ್ಲಿ ಕೆಟ್ಟಿದೆ. ಆದರೆ ಲಾಭದ ಜೊತೆಗೆ ನಷ್ಟವೂ ಇದೆ: ಕರು ದೊಡ್ಡದಾಗಿರುವುದರಿಂದ ಬಹುಪಾಲು ಹಸುಗಳಿಗೆ ಆಪರೇಶನ್ ಮಾಡಿಯೇ ಕರು ತೆಗೆಯಬೇಕಾಗುತ್ತದೆ. ಮನುಷ್ಯರಲ್ಲಿ ಇಂಥ ದೋಷ ತೀರ ಅಪರೂಪ. ಜರ್ಮನಿಯ ಒಂದು ಮಗುವಿನಲ್ಲಿ ಅದು ಇದ್ದುದು 2004ರಲ್ಲಿ ವರದಿಯಾಯಿತು.

ನಮ್ಮಲ್ಲಿ ಹೇಗೆ?

ಸಾಮಾನ್ಯ ಬೊಜ್ಜು ಒಂದೇ ಜೀನ್‌ನಿಂದ ಬರುವುದಿಲ್ಲ. ನೂರಾರು ಜೀನ್‌ಗಳು ಸ್ವಲ್ಪ ಸ್ವಲ್ಪ ಪ್ರಭಾವ ಬೀರುತ್ತವೆ. ಅವುಗಳಲ್ಲಿ ಹೆಸರಾದದ್ದು 2007ರಲ್ಲಿ ಗುರುತಿಸಲಾದ ಎಫ್‌ಟಿಓ. ಇದರ ಒಂದು ಬಗೆಯನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರು, ಅದಿಲ್ಲದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ. ಅಂಥವರಿಗೆ ಹಸಿವು ಹೆಚ್ಚು, ಹೊಟ್ಟೆ ತುಂಬಿತೆಂಬ ಭಾವನೆ ತಡವಾಗಿ ಬರುತ್ತದೆ. ಇದು ಅವರ ದುರಾಸೆಯಲ್ಲ.

ಇನ್ನೊಂದು ಮುಖ್ಯ ಮಾತು: 2 ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮೈಗೆ ಚಟುವಟಿಕೆ ಇರುವವರಲ್ಲಿ ಈ ಜೀನ್‌ನ ಪ್ರಭಾವ ಸುಮಾರು ಕಾಲುಭಾಗ ಕಡಿಮೆಯಿತ್ತು. ಹಿರಿಯರು ನೇಗಿಲು ಹಿಡಿದು, ನೀರು ಹೊತ್ತು ಕರಗಿಸಿದ್ದನ್ನು ನಾವು ಟ್ರ್ಯಾಕ್ಟರ್, ಪಂಪು, ಬೈಕುಗಳ ಕಾಲದಲ್ಲಿ ಕೂಡಿಡುತ್ತಿದ್ದೇವೆ. ಜೀನ್ ಅದೇ, ಬದುಕು ಬೇರೆಯಾಗಿದೆ.

ತೆಳ್ಳಗಿರುವವರೂ ನಿಶ್ಚಿಂತರಲ್ಲ. ಪುಣೆ ಸಮೀಪದ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿದ ಡಾ. ಯಾಜ್ಞಿಕ್ ಮತ್ತು ಸಂಗಡಿಗರು, ನಮ್ಮ ಶಿಶುಗಳ ತೂಕ ಕಡಿಮೆಯಿದ್ದರೂ ಸ್ನಾಯುವಿಗೆ ಹೋಲಿಸಿದರೆ ಕೊಬ್ಬಿನ ಪಾಲು ಹೆಚ್ಚೆಂದು 2003ರಲ್ಲಿ ತಿಳಿಸಿದರು. ಇಂಥ ಮೈಕಟ್ಟಿನವರಿಗೆ ಸಕ್ಕರೆ ಕಾಯಿಲೆಯ ಭಯ ಹೆಚ್ಚು. ಬಸುರಿಯ ಪೋಷಣೆಗೂ ಇದರಲ್ಲಿ ಪಾತ್ರವಿದೆ.

ಏನು ಮಾಡಬೇಕು?

1. ತೂಕದ ಜೊತೆಗೆ ಸೊಂಟದ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

2. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದರೆ ಉಳಿದವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

3. ಅನ್ನದ ರಾಶಿ ತಗ್ಗಿಸಿ. ಬೇಳೆಕಾಳು, ಮೊಟ್ಟೆ, ಮೀನು, ಸೊಪ್ಪು ಹೆಚ್ಚಿಸಿ. ಸ್ನಾಯು ಬಲಿಯಲು ಆಹಾರದ ಜೊತೆ ದುಡಿಮೆಯೂ ಬೇಕು.

4. ದಪ್ಪಗಿರುವ ಮಗುವನ್ನು ಹಂಗಿಸಬೇಡಿ, ಆಟಕ್ಕೆ ಬಿಡಿ. ಶೈಶವದಿಂದಲೇ ತೀರದ ಹಸಿವಿನಿಂದ ಅತಿ ವೇಗವಾಗಿ ತೂಕ ಏರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಬೀಜದ ಗುಣ ಬೀಜದಲ್ಲಿದ್ದರೂ ಬೆಳೆ ನೆಲ, ನೀರು, ಆರೈಕೆಯನ್ನೂ ಅವಲಂಬಿಸುತ್ತದೆ. ನಮ್ಮ ದೇಹವೂ ಹಾಗೆಯೇ.