ಕಾವಲಿಗೆ ಪ್ರೀತಿಯ ಹೆಸರು

ನಿಮ್ಮ ಮನೆಯಲ್ಲಿ ಹದಿನೈದು, ಹದಿನಾರರ ಮಗಳಿದ್ದರೆ ‘ದಿ ಕಿಸ್ಸಿಂಗ್ ಬೂತ್’ ಎಂಬ ಸಿನಿಮಾದ ಹೆಸರು ಅವಳ ಕಿವಿಗೆ ಬಿದ್ದಿರಬಹುದು. ಹೆಸರು ಕೇಳಿದ ಕೂಡಲೇ ಅವಳ ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ, ಸ್ವಲ್ಪ ತಾಳಿ. ಈ ಚಿತ್ರವನ್ನು ಪಾಶ್ಚಾತ್ಯ ವಿಮರ್ಶಕರೇ ಕಟುವಾಗಿ ಟೀಕಿಸಿದ್ದಾರೆ. ಆದರೆ ಅದಕ್ಕೆ ಕಾರಣ ನೀವು ಊಹಿಸುತ್ತಿರುವುದಲ್ಲ.

ಈ ಕಥೆ ಬರೆದವಳೂ ಒಬ್ಬ ಶಾಲಾ ಹುಡುಗಿ. ವೇಲ್ಸ್‌ನ ಬೆತ್ ರೀಕಲ್ಸ್ ತನ್ನ 15ನೇ ವಯಸ್ಸಿನಲ್ಲಿ ಇದನ್ನು ವಾಟ್‌ಪ್ಯಾಡ್ ಎಂಬ ತಾಣದಲ್ಲಿ ಕಂತು ಕಂತಾಗಿ ಬರೆದಳು. ಅದು ಪುಸ್ತಕವಾಯಿತು. 2018ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ಆಗಿ ಬಂತು. 2020 ಮತ್ತು 2021ರಲ್ಲಿ ಇನ್ನೆರಡು ಭಾಗಗಳು ಬಂದವು.

ಕಥೆ ಸರಳ. ತಾಯಿಯಿಲ್ಲದ ಹುಡುಗಿ ಎಲ್. ಅವಳ ತಾಯಿಯ ಗೆಳತಿಯ ಮಗ ಲೀ. ಒಂದೇ ದಿನ ಹುಟ್ಟಿದ ಇಬ್ಬರೂ ಒಡಹುಟ್ಟಿದವರಂತೆ ಬೆಳೆದಿದ್ದಾರೆ. ತಮ್ಮ ಗೆಳೆತನಕ್ಕೆ ನಿಯಮಗಳ ಪಟ್ಟಿಯನ್ನೇ ಮಾಡಿಕೊಂಡಿದ್ದಾರೆ. ಗೆಳೆಯನ ಮನೆಯವರನ್ನು ಪ್ರೀತಿಸಬಾರದು ಎಂಬುದೂ ಅದರಲ್ಲಿದೆ. ಎಲ್ ಮನಸೋಲುವುದು ಲೀಯ ಅಣ್ಣ ನೋವಾನಿಗೆ. ಮುಂದಿನದೆಲ್ಲ ಮುಚ್ಚುಮರೆ, ಸುಳ್ಳು, ನಗು.

ವಿಮರ್ಶಕರನ್ನು ಕೆರಳಿಸಿದ್ದು ಈ ನೋವಾನ ಸ್ವಭಾವ. ಎಲ್‌ಳ ಹತ್ತಿರ ಸುಳಿಯಬಾರದೆಂದು ಅವನು ಶಾಲೆಯ ಹುಡುಗರಿಗೆಲ್ಲ ಎಚ್ಚರಿಕೆ ಕೊಟ್ಟಿರುತ್ತಾನೆ. ಅವಳನ್ನು ಒಂದು ಮಾತು ಕೇಳಿರುವುದಿಲ್ಲ. ಒಂದು ದಿನ ಅವಳು ಅನಿವಾರ್ಯವಾಗಿ ತುಂಡು ಲಂಗ ಉಟ್ಟು ಶಾಲೆಗೆ ಬಂದಾಗ ಒಬ್ಬ ಹುಡುಗ ಮೈಮುಟ್ಟುತ್ತಾನೆ. ನೋವಾ ಅವನನ್ನು ಹೊಡೆಯುತ್ತಾನೆ, ಆಮೇಲೆ ತಪ್ಪು ಲಂಗದ್ದೇ ಎಂಬಂತೆ ಮಾತನಾಡುತ್ತಾನೆ. ಇನ್ನೊಮ್ಮೆ ಕಾರು ಹತ್ತು ಎಂದು ಅವಳ ಮೇಲೆ ಗದರುತ್ತಾನೆ. ಚಿತ್ರ ಇದನ್ನೆಲ್ಲ ಗಾಢ ಪ್ರೀತಿಯೆಂದೇ ತೋರಿಸುತ್ತದೆ. ಮಾತಿಗೆ ಮುಂಚೆ ಕೈ ಎತ್ತುವವನನ್ನು ನೀವಾದರೆ ಅಳಿಯನೆಂದು ಒಪ್ಪುತ್ತೀರಾ? ಹದಿನಾರರ ಹುಡುಗಿಗೆ ಮಾತ್ರ ಅವನು ಧೀರನಂತೆ ಕಾಣುತ್ತಾನೆ. ಟೀಕೆಗಳ ನಡುವೆಯೂ ಚಿತ್ರವನ್ನು ಅಪಾರ ಮಂದಿ ನೋಡಿದರು.

ಲೀ ಮತ್ತು ನೋವಾರ ತಾಯಿಯಾಗಿ ನಟಿಸಿದವರು ಮಾಲಿ ರಿಂಗ್‌ವಾಲ್ಡ್. 1980ರ ದಶಕದಲ್ಲಿ ಇಂಥದೇ ಹದಿಹರೆಯದ ಚಿತ್ರಗಳ ಜನಪ್ರಿಯ ನಾಯಕಿ. ‘ಕಿಸ್ಸಿಂಗ್ ಬೂತ್’ ಬರುವ ಒಂದು ತಿಂಗಳ ಮೊದಲು, 2018ರ ಏಪ್ರಿಲ್‌ನಲ್ಲಿ, ಅವರು ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ತಾನು ನಟಿಸಿದ 1985ರ ‘ದಿ ಬ್ರೇಕ್‌ಫಾಸ್ಟ್ ಕ್ಲಬ್’ ಚಿತ್ರವನ್ನು ಹತ್ತು ವರ್ಷದ ಮಗಳ ಪಕ್ಕದಲ್ಲಿ ಕುಳಿತು ನೋಡಿದ ಅನುಭವ ಅದು. ಮೇಜಿನಡಿ ಅಡಗಿದ ಹುಡುಗ ನಾಯಕಿಯ ಲಂಗದೊಳಗೆ ಇಣುಕುವ ದೃಶ್ಯ ಅದರಲ್ಲಿದೆ. ಮಗಳಿಗಿಂತ ಹೆಚ್ಚು ಕಳವಳಗೊಂಡದ್ದು ತಾಯಿ. ಆ ಹುಡುಗ ಚಿತ್ರದುದ್ದಕ್ಕೂ ನಾಯಕಿಯನ್ನು ಹೀಯಾಳಿಸಿ, ಕೊನೆಗೆ ಅವಳ ಪ್ರೀತಿಯನ್ನೂ ಪಡೆಯುತ್ತಾನೆ. ಮೂವತ್ತಮೂರು ವರ್ಷ ಕಳೆದರೂ ಲಂಗ ಅದೇ, ಹುಡುಗನೂ ಅವನೇ ಎನ್ನಿಸುವುದಿಲ್ಲವೇ?

ಮೂರನೆಯ ಭಾಗ ಬೇಸಿಗೆ ರಜೆಯ ಕಥೆ. ಕಾಲೇಜಿಗೆ ಹೋಗುವ ಮುನ್ನ, ಮಾರಾಟಕ್ಕಿರುವ ಕಡಲ ತಡಿಯ ಮನೆಯಲ್ಲಿ ಎಲ್ಲರೂ ಕೊನೆಯ ಬಾರಿಗೆ ಸೇರುತ್ತಾರೆ. ವೇಷ ತೊಟ್ಟು ಪುಟ್ಟ ಕಾರುಗಳ ಓಟ, ನೀರಾಟ, ಗದ್ದಲ. ಇದನ್ನೂ ವಿಮರ್ಶಕರು ಮೆಚ್ಚಲಿಲ್ಲ. ಹಾಸ್ಯ ಹಳಸಲು ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಮಗಳೊಂದಿಗೆ ಕುಳಿತು ನೋಡುವುದಿದ್ದರೆ ಒಂದು ದೃಶ್ಯವನ್ನು ದಾಟಿಸಬೇಡಿ. ನೋವಾ ಇರುವ ಹಾರ್ವರ್ಡ್‌ಗೆ ಹೋಗುವುದೋ, ಲೀ ಸೇರಲಿರುವ ಬರ್ಕ್ಲಿಗೋ ಎಂದು ಎಲ್ ಬೇಸಿಗೆಯಿಡೀ ತೊಳಲಾಡುತ್ತಾಳೆ. ಒಬ್ಬನನ್ನು ಒಲಿಸಿದರೆ ಇನ್ನೊಬ್ಬನಿಗೆ ಮುನಿಸು. ಆಗ ಆ ಹುಡುಗರ ತಾಯಿಯೇ, ಅಂದರೆ ರಿಂಗ್‌ವಾಲ್ಡ್, ನಿನಗೇನು ಬೇಕೆಂದು ಯೋಚಿಸು ಎನ್ನುತ್ತಾಳೆ. ತನ್ನಿಬ್ಬರು ಗಂಡುಮಕ್ಕಳ ಪರ ವಹಿಸದೆ, ತೀರಿಹೋದ ಗೆಳತಿಯ ಮಗಳ ಕಡೆಯಿಂದ ಆಡಿದ ಮಾತು ಅದು. ಎಲ್ ಎರಡೂ ಕಾಲೇಜುಗಳನ್ನು ಬಿಟ್ಟು, ವಿಡಿಯೋ ಗೇಮ್ ರೂಪಿಸುವುದನ್ನು ಕಲಿಯಲು ಮೂರನೆಯದೊಂದಕ್ಕೆ ಸೇರುತ್ತಾಳೆ.