ಉಳುಕು ಮತ್ತು ರಜ್ಜು ಗಾಯಗಳ ಚಿಕಿತ್ಸೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಕೆರೆಯ ಹೂಳೆತ್ತುವಾಗ, ಕೃಷಿ ಹೊಂಡ ತೋಡುವಾಗ, ಬದು ಹಾಕುವಾಗ ಮಣ್ಣಿನ ಪುಟ್ಟಿ ಹೊತ್ತವರ ಕಾಲು ಜಾರಿ ಉಳುಕುವುದು ಅಪರೂಪವಲ್ಲ. ಮೂಳೆ ಮುರಿದಿಲ್ಲವೆಂದು ತಿಳಿದೊಡನೆ ಸುತ್ತಲಿನವರು ನಿಶ್ಚಿಂತರಾಗುತ್ತಾರೆ. ಗಾಯಗೊಂಡವರು ಮರುದಿನವೇ ಕೆಲಸಕ್ಕೆ ಬರುತ್ತಾರೆ, ಇಲ್ಲವೇ ಉಳುಕು ತೆಗೆಸಿಕೊಳ್ಳಲು ಹೋಗುತ್ತಾರೆ. ಈ ಎರಡೂ ಕ್ರಮಗಳಿಂದ ಸಣ್ಣ ಗಾಯ ದೊಡ್ಡದಾಗಬಹುದು. ಕೂಲಿಯನ್ನೇ ನಂಬಿದ ಕುಟುಂಬಕ್ಕೆ ಒಂದು ಕಾಲಿನ ನೋವೆಂದರೆ ಇಡೀ ಮನೆಯ ಆದಾಯದ ಪ್ರಶ್ನೆ. ಆದುದರಿಂದ ಈ ಗಾಯಗಳ ಸ್ವರೂಪ, ಮೊದಲ ಆರೈಕೆ ಮತ್ತು ಪಂಚಾಯಿತಿಯ ಹೊಣೆಯನ್ನು ಇಲ್ಲಿ ವಿವರಿಸಲಾಗಿದೆ.

ಗಾಯವಾಗುವುದು ಯಾವುದಕ್ಕೆ?

ಕೀಲಿನಲ್ಲಿ ಮೂಳೆಯನ್ನು ಮೂಳೆಗೆ ಬಂಧಿಸುವ ಪಟ್ಟಿಗೆ ಅಸ್ಥಿರಜ್ಜು ಎಂದೂ, ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗೆ ಸ್ನಾಯುರಜ್ಜು ಎಂದೂ ಹೆಸರು. ಇವೆರಡೂ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದಾದ ಸಂಯೋಜಕ ಅಂಗಾಂಶಗಳು. ಸ್ನಾಯುಗಳಿಗೆ ದೊರೆಯುವಷ್ಟು ರಕ್ತ ಇವಕ್ಕೆ ದೊರೆಯದ ಕಾರಣ ವಾಸಿಯಾಗುವುದು ನಿಧಾನ. ಸಾಮಾನ್ಯ ಎಕ್ಸ್‌ರೇ ಚಿತ್ರದಲ್ಲಿ ರಜ್ಜುವಿನ ಹರಿತ ಕಾಣುವುದಿಲ್ಲ. ಆದುದರಿಂದ ಎಕ್ಸ್‌ರೇ ಸರಿಯಿದೆ ಎಂಬುದರ ಅರ್ಥ ಮೂಳೆ ಮುರಿದಂತೆ ತೋರುವುದಿಲ್ಲ ಎಂದಷ್ಟೇ; ಗಾಯವೇ ಇಲ್ಲವೆಂದಲ್ಲ.

ಅಸ್ಥಿರಜ್ಜುವಿನ ಗಾಯವೇ ಉಳುಕು. ವೈದ್ಯರು ಇದನ್ನು ಮೂರು ಹಂತಗಳಾಗಿ ಗುರುತಿಸುತ್ತಾರೆ: ಎಳೆಗಳು ಹಿಗ್ಗಿರುವುದು, ಭಾಗಶಃ ಹರಿದಿರುವುದು, ಪೂರ್ತಿ ಹರಿದಿರುವುದು. ಗಾಯವಾದ ಮೊದಲ ಕೆಲವು ದಿನ ಊತವಿರುತ್ತದೆ. ಮುಂದಿನ ವಾರಗಳಲ್ಲಿ ಹೊಸ ಎಳೆಗಳು ಹುಟ್ಟುತ್ತವೆ. ಆದರೆ ಅವು ದುರ್ಬಲ. ಅವು ಬಲಗೊಳ್ಳಲು ತಿಂಗಳುಗಳೇ ಬೇಕು. ನೋವು ಹೋಯಿತೆಂದರೆ ರಜ್ಜು ಗಟ್ಟಿಯಾಯಿತೆಂದು ಭಾವಿಸಬಾರದು.

ಮೊದಲ ಮೂರು ದಿನಗಳ ಆರೈಕೆ

1. ಕೂಡಲೇ ಕೆಲಸ ನಿಲ್ಲಿಸಿ, ಗಾಯಗೊಂಡ ಕಾಲಿನ ಮೇಲೆ ಭಾರ ಬೀಳದಂತೆ ನೆರಳಿನಲ್ಲಿ ಕೂರಿಸಬೇಕು.
2. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು, ಅದಿಲ್ಲದಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು 10ರಿಂದ 15 ನಿಮಿಷ ಇಡಬಹುದು. ಇದು ನೋವಿಗೆ ಶಮನ. ಮಂಜುಗಡ್ಡೆಯನ್ನು ಚರ್ಮಕ್ಕೆ ನೇರವಾಗಿ ತಾಗಿಸಬಾರದು.
3. ಕ್ರೇಪ್ ಬ್ಯಾಂಡೇಜನ್ನು ಹಿತವಾಗಿ ಸುತ್ತಬೇಕು. ಬೆರಳು ಜೋಮು ಹಿಡಿದರೆ, ತಣ್ಣಗಾದರೆ ಅಥವಾ ನೀಲಿಗಟ್ಟಿದರೆ ತಕ್ಷಣ ಸಡಿಲಿಸಬೇಕು.
4. ಮಲಗಿದಾಗ ಕಾಲನ್ನು ದಿಂಬಿನ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ಇಡಬೇಕು.

ಈ ದಿನಗಳಲ್ಲಿ ಬಿಸಿ ಶಾಖ, ಎಣ್ಣೆ ಹಚ್ಚಿ ನೀವುವುದು, ಮದ್ಯಪಾನ ಬೇಡ; ಇವು ಊತ ಹೆಚ್ಚಿಸಬಲ್ಲವು. ಕೀಲನ್ನು ಎಳೆದು ಉಳುಕು ತೆಗೆಯುವುದರಿಂದ ಭಾಗಶಃ ಹರಿದ ರಜ್ಜು ಇನ್ನಷ್ಟು ಹರಿಯಬಹುದು. ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು ಅಂಗವೇ ಕೊಳೆಯುವ ಅಪಾಯವಿದೆ. ನಾಟಿ ಚಿಕಿತ್ಸೆಯ ಮೇಲೆ ನಂಬಿಕೆಯುಳ್ಳವರಿಗೆ ಈ ವಿಷಯವನ್ನು ಅವಹೇಳನವಿಲ್ಲದೆ, ಸಮಾಧಾನದಿಂದ ತಿಳಿಸತಕ್ಕದ್ದು.

ಆಸ್ಪತ್ರೆಗೆ ಕಳುಹಿಸಬೇಕಾದ ಲಕ್ಷಣಗಳು

ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ಬಳಕೆಯಲ್ಲಿವೆ. ಪಾದದ ಕೀಲಿನ ಬಳಿ ನೋವಿದ್ದು, ಗಾಯವಾದ ಕೂಡಲೇ ಹಾಗೂ ಪರೀಕ್ಷೆಯ ವೇಳೆಯಲ್ಲಿ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಕೀಲಿನ ಎರಡೂ ಬದಿಯ ಮೂಳೆಗಂಟುಗಳ ತುದಿಯನ್ನಾಗಲಿ ಹಿಂಬದಿಯನ್ನಾಗಲಿ ಒತ್ತಿದಾಗ ನೋವಾದರೆ ಎಕ್ಸ್‌ರೇ ಅಗತ್ಯ. ಇದಲ್ಲದೆ ಕೀಲು ಸೊಟ್ಟಗಾದರೆ, ಸ್ಪರ್ಶ ತಿಳಿಯದಿದ್ದರೆ, ಮೊಣಕಾಲು ನಿಲ್ಲುವಾಗ ಕುಸಿದರೆ, ಹಿಮ್ಮಡಿಯ ಮೇಲ್ಭಾಗದಲ್ಲಿ ಒದ್ದಂತಾಗಿ ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲಾಗದಿದ್ದರೆ ತಡಮಾಡದೆ 108 ವಾಹನಕ್ಕೆ ಕರೆ ಮಾಡಬೇಕು.

ಕುಡುಗೋಲು, ಮಚ್ಚಿನ ಗಾಯಗಳಲ್ಲಿ ವಿಶೇಷ ಎಚ್ಚರ ಬೇಕು. ಗಾಯ ಚಿಕ್ಕದಾಗಿದ್ದರೂ ಬೆರಳನ್ನು ಮಡಿಸಲು ಅಥವಾ ನೀಡಲು ಆಗದಿದ್ದರೆ ಸ್ನಾಯುರಜ್ಜು ತುಂಡಾಗಿರಬಹುದು. ಸ್ನಾಯು ತುದಿಯನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ತುಂಡಾದ ಹುರಿ ತಾನಾಗಿ ಕೂಡುವುದು ಕಷ್ಟ. ಚರ್ಮಕ್ಕೆ ಹೊಲಿಗೆ ಹಾಕಿದರೆ ಸಾಲದು, ರಜ್ಜುವನ್ನೇ ಹೊಲಿಯಬೇಕಾಗುತ್ತದೆ. ತಡವಾದಷ್ಟೂ ಇದು ಕಠಿಣ. ಗಾಯಕ್ಕೆ ಕಾಫಿಪುಡಿ, ಸುಣ್ಣ, ಅರಿಶಿನ ತುಂಬದೆ, ಶುಭ್ರ ಬಟ್ಟೆಯಿಂದ ಒತ್ತಿಹಿಡಿದು, ಕೈಯನ್ನು ಮೇಲೆತ್ತಿ ಆಸ್ಪತ್ರೆಗೆ ಕರೆದೊಯ್ಯಬೇಕು. ಧನುರ್ವಾಯು ಲಸಿಕೆಯ ಬಗ್ಗೆಯೂ ಅಲ್ಲಿ ವಿಚಾರಿಸಬೇಕು.

ಮರಳಿ ಕೆಲಸಕ್ಕೆ

ಬಹುಕಾಲ ಮಲಗಿರುವುದೂ ಹಿತವಲ್ಲ. ನೋವು ತಗ್ಗಿದ ಮೇಲೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಅನಂತರ ನಡೆಯುವುದು, ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು ಹೀಗೆ ಭಾರವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಇಂತಹ ಹದವಾದ ಎಳೆತದಿಂದಲೇ ಹೊಸ ಎಳೆಗಳು ಸಾಲುಗೂಡಿ ಬಲಗೊಳ್ಳುತ್ತವೆ. ಹಗುರ ಉಳುಕಿಗೆ ಒಂದರಿಂದ ಮೂರು ವಾರ ಸಾಕಾಗಬಹುದು; ಪೂರ್ತಿ ಹರಿದಿದ್ದರೆ ತಿಂಗಳುಗಳು ಬೇಕು. ಆ ಅವಧಿಯಲ್ಲಿ ಮಣ್ಣು ಹೊರುವ ಕೆಲಸದ ಬದಲು ನೀರು ಒದಗಿಸುವಂತಹ ಹಗುರ ಕೆಲಸ ನೀಡುವುದು ಸೂಕ್ತ.

ಪಂಚಾಯಿತಿಯ ಹೊಣೆ

ಮಹಾತ್ಮಾ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮ, 2005ರ ಎರಡನೇ ಅನುಸೂಚಿಯು ಕಾಮಗಾರಿ ಸ್ಥಳದಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರತಕ್ಕದ್ದೆಂದು ವಿಧಿಸಿತ್ತು. ಕೆಲಸದ ವೇಳೆ ಅದರ ಕಾರಣದಿಂದ ಗಾಯಗೊಂಡವರಿಗೆ ಆ ಅಧಿನಿಯಮದಡಿ ಉಚಿತ ಚಿಕಿತ್ಸೆ ಪಡೆಯುವ ಹಕ್ಕಿತ್ತು. ಒಳರೋಗಿಯಾಗಿ ದಾಖಲಾದರೆ ಕೂಲಿದರದ ಅರ್ಧಕ್ಕಿಂತ ಕಡಿಮೆಯಲ್ಲದ ದಿನಭತ್ಯೆಯೂ ಸಲ್ಲಬೇಕಿತ್ತು. ಇದು ಉಪಕಾರವಲ್ಲ, ಕೂಲಿಕಾರರ ಹಕ್ಕು.

ಆದುದರಿಂದ ಸದಸ್ಯರು ತಮ್ಮ ವಾರ್ಡಿನ ಕಾಮಗಾರಿ ಸ್ಥಳಕ್ಕೆ ಭೇಟಿ ನೀಡಿದಾಗ ಪೆಟ್ಟಿಗೆಯನ್ನು ತೆರೆಸಿ, ಕ್ರೇಪ್ ಬ್ಯಾಂಡೇಜ್ ಹಾಗೂ ಶುಭ್ರ ಪಟ್ಟಿಗಳು ಇವೆಯೇ ಎಂದು ಪರಿಶೀಲಿಸುವುದು. ಗಾಯವಾದ ದಿನವೇ ಸ್ಥಳ, ವೇಳೆ, ಸಾಕ್ಷಿಗಳ ವಿವರವನ್ನು ಲಿಖಿತವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ತಲುಪಿಸಲು ಕಾಯಕ ಬಂಧುಗಳಿಗೆ ಸೂಚಿಸುವುದು. ದಾಖಲೆಯಿಲ್ಲದ ಗಾಯಕ್ಕೆ ಮುಂದೆ ಭತ್ಯೆ ಕೊಡಿಸುವುದು ಕಷ್ಟ. ಮುಂದಿನ ಗ್ರಾಮ ಸಭೆಯಲ್ಲಿ ಆಶಾ ಕಾರ್ಯಕರ್ತೆಯರ ನೆರವಿನಿಂದ ಬ್ಯಾಂಡೇಜ್ ಸುತ್ತುವ ಕ್ರಮವನ್ನು ತೋರಿಸಿ, ಮೇಲಿನ ಲಕ್ಷಣಗಳನ್ನು ಓದಿ ಹೇಳಬೇಕೆಂದು ಕೋರಲಾಗಿದೆ.